ಅಳದ ಕೂಸಿನ ಲೆಕ್ಕ

ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡಳು ಅನ್ನುತ್ತದೆ ಗಾದೆ. ಬಾಯಿಬಿಟ್ಟು ಕೇಳಿದರೇ ಸಿಗುವುದು ಎಂದು ಕಿರಿಯರಿಗೆ ಬುದ್ಧಿ ಹೇಳುವಾಗ ಹಿರಿಯರು ಇದನ್ನು ಆಡುತ್ತಾರೆ. ಮಾತು ನಿಜವೇ. ಆದರೆ ಹೊರೆಯೆಲ್ಲ ಕೂಸಿನ ಮೇಲೆ ಬಿತ್ತು. ಹಸಿದು ಹಸಿದು ಅಳುವ ತ್ರಾಣವೂ ಉಳಿಯದ ಕೂಸಿನ ಗತಿಯೇನು?

ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿ ಕಡೆಯವರಿಗೆ ಈ ಪ್ರಶ್ನೆ ಹೊಸದಲ್ಲ. ಹೊಲದ ಕೆಲಸ ಮುಗಿದ ಮೇಲೆ ಬೆಂಗಳೂರಿನ ಬಸ್ಸು ಹತ್ತುವ ಕುಟುಂಬಗಳನ್ನು ನೋಡಬೇಕು: ಜೋಳದ ಹಿಟ್ಟಿನ ಚೀಲ, ಮಸಿ ಹಿಡಿದ ಪಾತ್ರೆ, ಕಂಕುಳಲ್ಲಿ ಒಂದು ಮಗು, ಶಾಲೆಯ ಸಮವಸ್ತ್ರದಲ್ಲೇ ಹೊರಟ ಇನ್ನೊಂದು. ಇದಕ್ಕೆ ನಮ್ಮಲ್ಲಿ ಗುಳೆ ಅನ್ನುತ್ತಾರೆ. ವಿಧಾನಸೌಧ ಇರುವ ಊರಿಗೇ ಹೋಗಿ ಇಟ್ಟಿಗೆ ಹೊರುವ ಈ ಜನಕ್ಕೆ ಅದರ ಮುಂದೆ ಧರಣಿ ಕೂರಲು ಒಂದು ದಿನದ ಪುರಸೊತ್ತಿಲ್ಲ, ಕೂತರೆ ಅಂದಿನ ಕೂಲಿ ಹೋಯಿತು.

ಇಂಥವರ ಪರವಾಗಿ ಲೆಕ್ಕ ಬರೆದಿಟ್ಟವರು ಅರ್ಥಶಾಸ್ತ್ರಜ್ಞ ಡಾ. ಡಿ. ಎಂ. ನಂಜುಂಡಪ್ಪ. 2000ರಲ್ಲಿ ಎಸ್. ಎಂ. ಕೃಷ್ಣ ಸರ್ಕಾರ ಪ್ರಾದೇಶಿಕ ಅಸಮತೋಲನ ನಿವಾರಣಾ ಸಮಿತಿಯನ್ನು ಅವರ ಕೈಗೆ ಕೊಟ್ಟಿತು. ಯಾರ ಕೂಗು ದೊಡ್ಡದು ಎಂದು ಅವರು ಕೇಳುತ್ತ ಕೂರಲಿಲ್ಲ. ಕೃಷಿ, ಉದ್ಯಮ, ಮೂಲಸೌಕರ್ಯ, ಬ್ಯಾಂಕು, ಶಿಕ್ಷಣ, ಆರೋಗ್ಯ ಎಂದು 35 ಸೂಚ್ಯಂಕಗಳನ್ನು ಹಿಡಿದು, ಅಂದಿದ್ದ 175 ತಾಲೂಕುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರು. 2002ರ ವರದಿಯ ಪ್ರಕಾರ ಹಿಂದುಳಿದವು 114. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ದೇವದುರ್ಗ, ಮಾನ್ವಿ ಎರಡೂ ಆ ಪಟ್ಟಿಯಲ್ಲಿದ್ದವು. ದಕ್ಷಿಣ ಕರ್ನಾಟಕದ 55 ತಾಲೂಕುಗಳನ್ನೂ ಹಿಂದುಳಿದವೆಂದು ಗುರುತಿಸಿದ್ದರಿಂದ ಇದು ಉತ್ತರದವರ ಗೊಣಗಾಟ ಎಂದು ತಳ್ಳಿಹಾಕಲು ಯಾರಿಗೂ ಬರಲಿಲ್ಲ. ನನ್ನ ಮಟ್ಟಿಗೆ ಅವರ ಅತಿ ದೊಡ್ಡ ಸೇವೆ ಇದೇ. ಕೂಸು ಅಳುವ ತನಕ ಕಾಯದೆ, ಯಾರ ಹೊಟ್ಟೆ ಎಷ್ಟು ಖಾಲಿ ಎಂದು ನೋಡುವ ಕೆಲಸವನ್ನು ಅವರು ಸರ್ಕಾರವೆಂಬ ತಾಯಿಗೆ ಒಪ್ಪಿಸಿದರು.

ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ಖರ್ಚು ಮಾಡಿ ಎಂದಿತ್ತು ವರದಿ. ವಿಶೇಷ ಅಭಿವೃದ್ಧಿ ಯೋಜನೆ ಶುರುವಾದದ್ದು 2007-08ರಲ್ಲಿ. ಅಷ್ಟರಲ್ಲಿ ನಂಜುಂಡಪ್ಪನವರು ತೀರಿಕೊಂಡಿದ್ದರು.

ಹೀಗೆ ಗಾದೆ ಮತ್ತೆ ಗೆದ್ದಿತು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದದ್ದು ಹೋರಾಟಗಾರ ವೈಜನಾಥ ಪಾಟೀಲರಂಥವರು ದಶಕಗಳ ಕಾಲ ಬೀದಿಗಿಳಿದ ಮೇಲೆ. ಅತ್ತರೂ ಎಲ್ಲ ಸಿಗಲಿಲ್ಲ: ರಾಯಚೂರು ಐಐಟಿ ಕೇಳಿತು, ಅದು 2016ರಲ್ಲಿ ಧಾರವಾಡದಲ್ಲಿ ಆರಂಭವಾಯಿತು. ಏಮ್ಸ್‌ಗಾಗಿ ರಾಯಚೂರು ನಗರದಲ್ಲಿ 2022ರ ಮೇ ತಿಂಗಳಲ್ಲಿ ಆರಂಭವಾದ ಧರಣಿ ಸಾವಿರ ದಿನ ದಾಟಿತು. ಶಕ್ತಿನಗರದ ವಿದ್ಯುತ್ ಸ್ಥಾವರದಿಂದ ನಾಡಿಗೆಲ್ಲ ಬೆಳಕು ಕಳಿಸುವ ಜಿಲ್ಲೆಯ ಜನ ಒಂದು ಆಸ್ಪತ್ರೆಗಾಗಿ ಇಷ್ಟು ದಿನ ಕೂರಬೇಕಾದದ್ದು ನೋವಿನ ಸಂಗತಿ. ಆದರೂ ಈ ಹೋರಾಟಗಳಲ್ಲಿ ನಂಜುಂಡಪ್ಪ ವರದಿಯ ಹೆಸರು ಬಾರದ ಭಾಷಣವಿಲ್ಲ. ಇಲ್ಲಿ ಅವರಿಗೆ ಸಲ್ಲುತ್ತಿರುವ ಗೌರವ ಈ ಬಗೆಯದು, ಪ್ರತಿಮೆಗಿಂತ ಇದು ಹೆಚ್ಚು ಎಂದೇ ನಾನು ತಿಳಿದಿದ್ದೇನೆ.

2024ರಲ್ಲಿ ಸರ್ಕಾರ ಪ್ರೊ. ಎಂ. ಗೋವಿಂದರಾವ್ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ಮಾಡಿತು. ಅದರ ಜೊತೆಗೆ ಇನ್ನೊಂದು ಕೆಲಸವೂ ಆಗಲಿ: ನಂಜುಂಡಪ್ಪನವರ ಪಟ್ಟಿಯ 114 ತಾಲೂಕುಗಳಿಗೂ ಬಂದ ಹಣವೆಷ್ಟು, ಅದರಿಂದ ಆದ ಶಾಲೆ, ರಸ್ತೆ, ಆಸ್ಪತ್ರೆ ಯಾವುವು ಎಂಬ ಲೆಕ್ಕವನ್ನು ಆಯಾ ತಾಲೂಕು ಕಚೇರಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಲಿ. ದೇವದುರ್ಗದಿಂದಲೇ ಶುರು ಮಾಡಲಿ.