ಹಿಂದಿರುಗಿದವನೂ ನಮ್ಮ ಮಕ್ಕಳೂ

ಓದತಕ್ಕ ಭಾಗ: ಲೂಕನು ಬರೆದ ಸುವಾರ್ತೆ, 17ನೆಯ ಅಧ್ಯಾಯ, 11ರಿಂದ 19ನೆಯ ವಚನಗಳು.



ಮೇಲೆ ಹೇಳಿದ ಭಾಗವನ್ನು ಮನೆಯಲ್ಲಿ ಓದುಬಲ್ಲವರೊಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ. ಮಕ್ಕಳನ್ನೂ ಹತ್ತಿರ ಕೂಡ್ರಿಸಿಕೊಳ್ಳಿರಿ. ಯಾಕಂದರೆ ಈ ಸಾರೆಯ ಮಾತು ಅವರ ವಿಷಯವಾದದ್ದು. ಆದರೂ ಅದು ಅವರಿಗಿಂತ ನಮಗೇ ಹೆಚ್ಚಾಗಿ ತಾಕುವದೆಂದು ಮುಂದೆ ಕಾಣುವಿರಿ.

ನಮ್ಮ ಕರ್ತನು ಯೆರೂಸಲೇಮಿಗೆ ಹೋಗುತ್ತಾ ಸಮಾರ್ಯ ಗಲಿಲಾಯಗಳ ನಡುವೆ ಹಾದು ಒಂದು ಹಳ್ಳಿಯನ್ನು ಸೇರುವಾಗ ಹತ್ತು ಮಂದಿ ಕುಷ್ಠರೋಗಿಗಳು ಆತನಿಗೆ ಎದುರಾದರು. ಅವರು ದೂರದಲ್ಲಿ ನಿಂತು ಕೂಗಿಕೊಂಡರು. ಜನರ ಹತ್ತಿರ ಬರುವದಕ್ಕೆ ಅವರಿಗೆ ಅಪ್ಪಣೆ ಇರಲಿಲ್ಲ. ದೂರದಲ್ಲಿ ನಿಲ್ಲುವದೆಂದರೆ ಏನೆಂಬದನ್ನು ನಮ್ಮಲ್ಲಿ ಅನೇಕರ ಹಿರಿಯರು ಬಲ್ಲರು. ಬಾವಿಯ ಕಟ್ಟೆಗೆ ದೂರವಾಗಿ ಕೊಡ ಇಟ್ಟುಕೊಂಡು, ಯಾರಾದರೂ ಕನಿಕರಪಟ್ಟು ನೀರು ಹೊಯ್ದಾರೋ ಎಂದು ಹೊತ್ತೇರುವ ತನಕ ಕಾದವರು ಅವರು. ಯೇಸು ಆ ಹತ್ತು ಮಂದಿಯನ್ನು ಯಾಜಕರ ಬಳಿಗೆ ಕಳುಹಿಸಿದನು. ಹೋಗುತ್ತಿರುವಾಗಲೇ ದಾರಿಯಲ್ಲಿ ಅವರಿಗೆ ಶುದ್ಧಿಯಾಯಿತು. ಆಗ ಒಬ್ಬನು ಮಾತ್ರ ಹಿಂದಿರುಗಿ, ದೇವರನ್ನು ಕೊಂಡಾಡುತ್ತಾ ಬಂದು ಕರ್ತನ ಪಾದಕ್ಕೆ ಬಿದ್ದನು. ಅವನು ಸಮಾರ್ಯದವನು, ಪರಕೀಯನು.

ಇಲ್ಲಿ ಒಂದು ಸಂಗತಿಯನ್ನು ನಿಂತು ನೋಡಿರಿ. ಉಳಿದ ಒಂಬತ್ತು ಮಂದಿ ಆಜ್ಞೆಯನ್ನು ಮೀರಿದವರಲ್ಲ. ಯಾಜಕರ ಬಳಿಗೆ ಹೋಗಿರೆಂದು ಅಪ್ಪಣೆಯಾಗಿತ್ತು, ಅವರು ಹೋದರು. ತಿರುಗಿ ಬಂದು ಸ್ತೋತ್ರ ಹೇಳಿರೆಂದು ಯೇಸು ಅವರಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳದೆ ಇದ್ದದ್ದನ್ನು ಒಬ್ಬನು ಮಾಡಿದನು. ಹಾಗಾದರೆ ಉಪಕಾರಸ್ಮರಣೆಯು ಅಪ್ಪಣೆಯಿಂದ ಹುಟ್ಟುವ ವಸ್ತುವಲ್ಲ. ಆದರೂ ಬಾರದವರಿಗಾಗಿ ಕರ್ತನು ನೊಂದುಕೊಂಡು, ಮಿಕ್ಕವರು ಎಲ್ಲಿ ಎಂದು ವಿಚಾರಿಸಿದನು. ಅಪ್ಪಣೆ ಕೊಡಲಾಗದ್ದನ್ನು ಆತನು ಆಶೆಯಿಂದ ಎದುರುನೋಡುತ್ತಿದ್ದನು.

ಪ್ರಿಯರೇ, ನಾವು ನಮ್ಮ ಮಕ್ಕಳನ್ನು ಆ ಒಂಬತ್ತು ಮಂದಿಯಂತೆ ಬೆಳೆಸುವದರಲ್ಲಿ ಬಹು ಜಾಣರು. ಕೈ ಮುಗಿ ಅಂದರೆ ಮುಗಿಯುತ್ತಾರೆ. ಕಣ್ಣು ಮುಚ್ಚು ಅಂದರೆ ಮುಚ್ಚುತ್ತಾರೆ. ಉಪದೇಶಿಗೆ ಸಲಾಮು ಹೇಳು ಅಂದರೆ ಹೇಳುತ್ತಾರೆ. ಇದು ಬೇಡವೆಂದು ನಾನು ಹೇಳುವದಿಲ್ಲ. ಆದರೆ ಹೇಳದಿದ್ದಾಗ ತಾನಾಗಿ ಹಿಂದಿರುಗುವ ಮನಸ್ಸು ಮಗುವಿಗೆ ಎಲ್ಲಿಂದ ಬರಬೇಕು?

ನನ್ನ ಮನೆಯಲ್ಲಿಯೇ ನಡೆದದ್ದನ್ನು ನಾಚಿಕೆಯಿಂದ ತಿಳಿಸುತ್ತೇನೆ. ನನ್ನ ಮಗನಿಗೆ ಆರು ವರುಷವಾದಾಗ ಊಟಕ್ಕೆ ಮುಂಚೆ ಹೇಳತಕ್ಕ ಪ್ರಾರ್ಥನೆಯನ್ನು ಅವನಿಗೆ ಬಾಯಿಪಾಠ ಮಾಡಿಸಿದೆನು. ಅವನು ಅದನ್ನು ಒಂದೇ ಉಸುರಿನಲ್ಲಿ ಹೇಳಿ ಮುಗಿಸುವನು. ಸಭೆಯ ಹಿರಿಯರು ಮನೆಗೆ ಬಂದಾಗ ಅವನಿಂದ ಹೇಳಿಸಿ ನಾನು ಒಳಗೊಳಗೇ ಹಿಗ್ಗುವೆನು. ಸೆಮಿನರಿಯಲ್ಲಿ ಕ್ರೈಸ್ತ ಕುಟುಂಬದ ವಿಷಯವಾಗಿ ಬರೆದುಕೊಂಡ ಪಾಠಗಳು ನನ್ನ ಪೆಟ್ಟಿಗೆಯಲ್ಲಿದ್ದವು. ಅವುಗಳ ಪ್ರಕಾರವೇ ನಡೆಯುತ್ತಿದ್ದೇನೆಂದು ನೆನಸಿಕೊಂಡಿದ್ದೆನು. ಆ ವರುಷ ಶ್ರಾವಣದ ದಿವಸಗಳಲ್ಲಿ ಮನೆಯ ಜೋಳವು ತೀರುತ್ತಾ ಬಂದಿತ್ತು. ಪಲ್ಯಕ್ಕೆ ಕಾಸು ಇರಲಿಲ್ಲ. ಒಂದು ಸಾಯಂಕಾಲ ನಾನು ಎರಡು ಹಳ್ಳಿ ತಿರುಗಿ ದಣಿದು ಬಂದು ಕೂತಾಗ ನನ್ನ ಹೆಂಡತಿಯು ರೊಟ್ಟಿಯನ್ನೂ ಕೆಂಪು ಖಾರವನ್ನೂ ತಂದಿಟ್ಟಳು. ಹುಡುಗನು ಪ್ರಾರ್ಥನೆ ಹೇಳಿದನು. ನಾನು ಆಮೆನ್ ಅಂದು ಕಣ್ಣು ತೆರೆದು, ಗಂಗಾಳವನ್ನು ಬೆರಳಿನಿಂದ ಆಚೆಗೆ ತಳ್ಳಿ, “ಇವತ್ತೂ ಇದೇ ಏನು?” ಅಂದೆನು. ಆಕೆ ಏನೂ ಹೇಳಲಿಲ್ಲ.

ಮರುದಿನ ಮತ್ತೆ ಊಟಕ್ಕೆ ಕೂತೆವು. ಹುಡುಗನು ಕೈಮುಗಿದು ಪ್ರಾರ್ಥನೆಯನ್ನು ಒಂದು ಅಕ್ಷರವೂ ತಪ್ಪದಂತೆ ಹೇಳಿದನು. ಆಮೆನ್ ಆದ ಕೂಡಲೇ ತನ್ನ ಗಂಗಾಳವನ್ನು ಬೆರಳಿನಿಂದ ಆಚೆಗೆ ತಳ್ಳಿ, ನನ್ನ ಸ್ವರವನ್ನೇ ತೆಗೆದು, “ಇವತ್ತೂ ಇದೇ ಏನು?” ಅಂದನು. ನನಗೆ ಸಿಟ್ಟು ಬಂದು ಕೈ ಎತ್ತಿದೆನು. ಆಗ ನನ್ನ ಹೆಂಡತಿಯು, “ಹುಡುಗನನ್ನು ಹೊಡೆಯಬೇಡಿರಿ. ಪ್ರಾರ್ಥನೆಯನ್ನೂ ನೀವೇ ಕಲಿಸಿದಿರಿ, ಇದನ್ನೂ ನೀವೇ ಕಲಿಸಿದಿರಿ. ಯಾವದನ್ನು ಗಟ್ಟಿಯಾಗಿ ಕಲಿತನೋ ಅದನ್ನು ಒಪ್ಪಿಸಿದನು,” ಅಂದಳು. ಎತ್ತಿದ ಕೈಯನ್ನು ಎಲ್ಲಿ ಇಡಬೇಕೋ ನನಗೆ ತಿಳಿಯಲಿಲ್ಲ.

ಆ ಪ್ರಾರ್ಥನೆಯನ್ನು ಕಲಿಸುವದಕ್ಕೆ ನನಗೆ ಒಂದು ತಿಂಗಳು ಹಿಡಿದಿತ್ತು. ಗಂಗಾಳ ತಳ್ಳುವದನ್ನು ಅವನು ಒಂದೇ ಸಾರೆ ನೋಡಿ ಕಲಿತನು. ನಾವು ಕಣ್ಣು ಮುಚ್ಚಿ ಹೇಳಿದ್ದಕ್ಕಿಂತ ಕಣ್ಣು ತೆರೆದ ಮೇಲೆ ಹೇಳುವದನ್ನು ಮಕ್ಕಳು ಹೆಚ್ಚಾಗಿ ಕೇಳುತ್ತಾರೆ.

ಆ ರಾತ್ರಿ ನಾನು ಅವನಿಗೆ ಬೋಧಿಸಲಿಲ್ಲ. ಮಗನ ಮುಂದೆಯೇ ಹೆಂಡತಿಯ ಕ್ಷಮೆ ಬೇಡಿದೆನು. ಗಂಡಸು ಹಾಗೆ ಬೇಡುವ ರೂಢಿಯು ನಮ್ಮ ಕಡೆಯಲ್ಲಿ ಕಡಿಮೆ. ನಾಲಿಗೆ ಬೇಗನೆ ಹೊರಳಲಿಲ್ಲ. ಮಾರನೆಯ ದಿನದಿಂದ ಅಡಿಗೆಯ ಹೊತ್ತಿನಲ್ಲಿ ಹುಡುಗನನ್ನು ಕರಕೊಂಡು ಒಲೆಯ ಬಳಿಯಲ್ಲಿ ಕೂಡ್ರುತ್ತಾ ಬಂದೆನು. ಅವನ ತಾಯಿ ಹಿಟ್ಟು ನಾದುವದನ್ನೂ, ರೊಟ್ಟಿ ಬಡಿಯುವದನ್ನೂ, ಹೊಗೆಯಲ್ಲಿ ಕಣ್ಣೊರಸಿಕೊಳ್ಳುವದನ್ನೂ, ಹಂಚಿನ ಮೇಲೆ ಒದ್ದೆಯ ಕೈಯಾಡಿಸುವದನ್ನೂ ಅವನು ನೋಡಿದನು. ನಿಜ ಹೇಳಬೇಕಾದರೆ ಆ ತನಕ ನಾನೂ ನೋಡಿರಲಿಲ್ಲ. ಈ ಜೋಳವು ಯಾರ ಹೊಲದ್ದು, ಬಿತ್ತುವಾಗ ಕೂರಿಗೆಯ ಹಿಂದೆ ಯಾರು ನಡೆದರು, ತೆನೆ ಮುರಿದವರು ಯಾರು, ಮಳೆ ಸುರಿಸಿದವನು ಯಾರು ಎಂದು ಒಂದೊಂದಾಗಿ ಅವನನ್ನು ಕೇಳುವೆನು. ಕೆಲವು ದಿವಸಗಳಾದ ಮೇಲೆ ಹುಡುಗನು ಬಾಯಿಪಾಠವನ್ನು ಬಿಟ್ಟು ತಾನಾಗಿ, “ದೇವರೇ, ಅವ್ವನ ಬೆರಳು ಸುಟ್ಟಿತು, ಆದರೂ ರೊಟ್ಟಿ ಕೊಟ್ಟಳು, ನಿನಗೆ ಸ್ತೋತ್ರ,” ಅಂದನು. ವ್ಯಾಕರಣವೂ ಸರಿಯಿರಲಿಲ್ಲ, ಕ್ರಮವೂ ಇರಲಿಲ್ಲ. ನನ್ನ ಮನೆಯಲ್ಲಿ ನಾನು ಕೇಳಿದ ಮೊದಲನೆಯ ಸ್ತೋತ್ರವು ಅದೇ ಎಂದು ನನಗೆ ತೋಚಿತು.

ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆನು. ನಮ್ಮಲ್ಲಿ ಕೆಲವರು ಉಪಕಾರಸ್ಮರಣೆಯನ್ನು ಸಾಲದ ಪತ್ರವನ್ನಾಗಿ ಮಾಡುತ್ತಾರೆ. ನಿನಗಾಗಿ ಎಷ್ಟು ಕಷ್ಟಪಟ್ಟೆನು, ನಿನಗೆಷ್ಟು ಹಣ ಸುರಿದೆನು ಎಂದು ಮಕ್ಕಳಿಗೆ ದಿನಾಲು ಲೆಕ್ಕ ತೋರಿಸುತ್ತಾರೆ. ಇದು ಸಾಹುಕಾರನ ಕೆಲಸ, ತಾಯಿತಂದೆಗಳದ್ದಲ್ಲ. ಹಾಗೆಯೇ ಒಂದು ಸಾರೆ ಬಡ ಮಕ್ಕಳಿಗೆ ಬಟ್ಟೆ ಹಂಚುವದನ್ನು ಕಂಡೆನು. ಅವರನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಂದಲೂ ವಂದನೆ ಹೇಳಿಸಿದರು. ಹತ್ತು ವರುಷದ ಒಬ್ಬ ಹುಡುಗಿಯು ನೆಲ ನೋಡುತ್ತಾ ಹೇಳಿ, ಬಟ್ಟೆಯನ್ನು ಬಗಲಿಗೆ ಇಟ್ಟುಕೊಂಡು ಓಡಿಹೋದಳು. ಆಕೆಯ ಮುಖದಲ್ಲಿ ನಾಚಿಕೆಯ ಹೊರತು ಬೇರೇನೂ ಇರಲಿಲ್ಲ. ನಮ್ಮ ಹಿರಿಯರು ಧಣಿಗಳ ಅಂಗಳದಲ್ಲಿ ಬೇಕಾದಷ್ಟು ಬಗ್ಗಿ ನಿಂತಿದ್ದಾರೆ; ಆ ಬಗ್ಗುವಿಕೆಗೆ ಕೃತಜ್ಞತೆ ಎಂಬ ಹೆಸರಿಟ್ಟು ಮಕ್ಕಳಿಗೆ ಕಲಿಸಬೇಡಿರಿ. ಸಮಾರ್ಯದವನು ಯೇಸುವಿನ ಪಾದಕ್ಕೆ ಬಿದ್ದದ್ದು ನಿಜ. ಆದರೆ ಕರ್ತನು ಅವನನ್ನು ಅಲ್ಲೇ ಬಿದ್ದಿರಗೊಡಲಿಲ್ಲ. ಎದ್ದು ಹೋಗುವದಕ್ಕೆ ಹೇಳಿ, ಅವನ ನಂಬಿಕೆಯನ್ನೇ ಎತ್ತಿ ಆಡಿದನು.

ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದಲ್ಲಿ ಇಸ್ರಾಯೇಲನು ಪ್ರಥಮಫಲವನ್ನು ಪುಟ್ಟಿಯಲ್ಲಿ ತಂದು ದೇವರ ಮುಂದೆ ಇಡುವ ಕ್ರಮವುಂಟು. ಅವನು ಸುಮ್ಮನೆ ಇಟ್ಟುಹೋಗಬಾರದು. ತನ್ನ ಮೂಲಪಿತೃವು ಅಲೆಮಾರಿಯಾಗಿದ್ದದ್ದನ್ನೂ, ಐಗುಪ್ತದಲ್ಲಿ ದಾಸತ್ವ ಉಂಟಾದದ್ದನ್ನೂ, ಕೂಗನ್ನು ದೇವರು ಕೇಳಿ ಬಿಡಿಸಿದ್ದನ್ನೂ ಬಾಯಿಬಿಟ್ಟು ಹೇಳಬೇಕು. ಆ ಮೇಲೆ ಲೇವಿಯನ ಸಂಗಡಲೂ ಪರದೇಶಿಯ ಸಂಗಡಲೂ ಸಂತೋಷಪಡಬೇಕು. ಸುಗ್ಗಿಯ ಹಬ್ಬದಲ್ಲಿ ತೆನೆಯನ್ನೂ ಕುಂಬಳಕಾಯಿಯನ್ನೂ ಹೊತ್ತು ದೇವಾಲಯಕ್ಕೆ ಬರುವಾಗ ನಾವು ಮಕ್ಕಳಿಗೆ ಈ ಕಥೆಯ ನಮ್ಮ ಪಾಲನ್ನು ಹೇಳುತ್ತೇವೋ? ಅಜ್ಜನು ಯಾರ ಹೊಲದಲ್ಲಿ ಜೀತವಿದ್ದನು, ಅಕ್ಷರವು ಮನೆಗೆ ಹೇಗೆ ಬಂತು, ಮೊದಲನೆಯ ದೀಕ್ಷಾಸ್ನಾನದ ದಿನ ಊರವರು ಏನಂದರು? ಹಿಂದಿನದನ್ನು ಮುಚ್ಚಿಟ್ಟ ಮನೆಯಲ್ಲಿ ಮಗುವು ಯಾವದಕ್ಕಾಗಿ ಹಿಂದಿರುಗೀತು? ಇದರಲ್ಲಿ ನಾಚತಕ್ಕದ್ದೇನೂ ಇಲ್ಲ. ಬಹಳ ಮಂದಿ ನಾಚುತ್ತಾರೆ.

ಈಗ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆಗೆ ಬರುತ್ತೇನೆ. ಮಳೆ ತಪ್ಪಿದ ಒಂದು ವರುಷ, ಗಂಡನನ್ನು ಕಳಕೊಂಡು ಇನ್ನೂ ಆರು ತಿಂಗಳಾಗದ ಒಬ್ಬ ಸಹೋದರಿಯು ನನ್ನನ್ನು ಕೇಳಿದಳು: “ಉಪದೇಶಿಗಳೇ, ಮಕ್ಕಳಿಂದ ಸ್ತೋತ್ರ ಹೇಳಿಸಿರಿ ಅನ್ನುತ್ತೀರಿ. ನನ್ನ ಮನೆಯಲ್ಲಿ ಏನಿದೆ ಎಂದು ಹೇಳಿಸಲಿ?” ನನ್ನ ಬಳಿಯಲ್ಲಿ ಉತ್ತರವಿರಲಿಲ್ಲ. ಇಂಥ ಮನೆಯಲ್ಲಿ ದುಃಖಪಡುವದನ್ನೇ ಅಪನಂಬಿಕೆ ಎಂದು ಗದರಿಸುವವರುಂಟು. ಅವರು ಕೀರ್ತನೆಗಳ ಗ್ರಂಥವನ್ನು ಸರಿಯಾಗಿ ಓದಿಲ್ಲ. 13ನೆಯ ಕೀರ್ತನೆಯು ದೂರಿನಿಂದ ಆರಂಭವಾಗಿ ಹಾಡಿನಲ್ಲಿ ಮುಗಿಯುತ್ತದೆ. 88ನೆಯದಾದರೋ ಕತ್ತಲೆಯ ಮಾತಿನಲ್ಲಿಯೇ ಮುಗಿಯುತ್ತದೆ. ಅದನ್ನೂ ದೇವರು ತನ್ನ ವಾಕ್ಯದೊಳಗೆ ಇಟ್ಟಿದ್ದಾನೆ. ಮಗುವು, ನನಗೆ ಹಸಿವೆಯಾಗಿದೆ, ಅಪ್ಪನು ಬೇಕು ಎಂದು ದೇವರ ಮುಂದೆ ಅಳಲಿ. ಅಳುವದಕ್ಕೆ ಬಿಡದ ಬಾಯಿಯಿಂದ ಸ್ತೋತ್ರವೂ ನಿಜವಾಗಿ ಬಾರದು.

ಆ ದಿನ ಆಕೆಗೆ ನಾನು ಜರ್ಮನಿ ದೇಶದ ಒಬ್ಬ ಬೋಧಕನ ಚರಿತ್ರೆಯನ್ನು ಮಾತ್ರ ಹೇಳಿದೆನು. ಆತನ ಹೆಸರು ಮಾರ್ಟಿನ್ ರಿಂಕಾರ್ಟ್. 1586ರಲ್ಲಿ ಹುಟ್ಟಿ 1649ರಲ್ಲಿ ತೀರಿಕೊಂಡನು. ಐಲೆನ್‌ಬುರ್ಗ್ ಎಂಬ ಊರಿನ ಸಭಾಪಾಲಕನಾಗಿದ್ದನು. 1618ರಿಂದ 1648ರ ವರೆಗೆ ಆ ದೇಶದಲ್ಲಿ ಮೂವತ್ತು ವರುಷ ಯುದ್ಧ ನಡೆಯಿತು. ಸುತ್ತಲಿನ ಜನರು ಓಡಿ ಬಂದು ಆ ಊರಿನ ಕೋಟೆಯೊಳಗೆ ತುಂಬಿಕೊಂಡರು. 1637ರಲ್ಲಿ ಮಹಾಮಾರಿಯು ಬಂತು. ಬೇರೆ ಬೋಧಕರು ಸತ್ತರು, ಇಲ್ಲವೆ ಊರು ಬಿಟ್ಟರು. ರಿಂಕಾರ್ಟನು ಒಬ್ಬನೇ ಉಳಿದು ಆ ಒಂದು ವರುಷದಲ್ಲಿ 4,000ಕ್ಕಿಂತ ಹೆಚ್ಚು ಮಂದಿಯ ಸಮಾಧಿಕರ್ಮವನ್ನು ನಡಿಸಿದನು. ಅವರಲ್ಲಿ ಆತನ ಹೆಂಡತಿಯೂ ಒಬ್ಬಳು. ಮಹಾಮಾರಿಯ ಹಿಂದೆ ಬರವೂ ಬಂತು. ತನ್ನ ಮನೆಯಲ್ಲಿದ್ದದ್ದನ್ನು ಹಂಚಿ, ಮಕ್ಕಳಿಗೆ ಕೊಡುವದಕ್ಕೂ ಕಷ್ಟವಾಯಿತು.

ಈ ಮನುಷ್ಯನೇ ದೇವರಿಗೆ ಸ್ತೋತ್ರ ಸಲ್ಲಿಸುವ ಆ ಪ್ರಸಿದ್ಧ ಜರ್ಮನ್ ಸಂಗೀತವನ್ನು ಬರೆದವನು. 1858ರಲ್ಲಿ ಕ್ಯಾಥರಿನ್ ವಿಂಕ್‌ವರ್ತ್ ಎಂಬಾಕೆಯು ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಮಹಾಮಾರಿಯ ನಡುವೆಯೇ ಅದನ್ನು ಬರೆದನೆಂದು ಬೋಧಕರು ಹೇಳುವದುಂಟು. ನಾನೂ ಹಾಗೆ ಹೇಳಿದವನೇ. ಆದರೆ ಅದಕ್ಕೂ ಮುಂಚೆಯೇ ಬರೆದನೆಂಬದು ಬಹುಮಂದಿ ಪಂಡಿತರ ಅಭಿಪ್ರಾಯ. ಅದಕ್ಕೆ ಆತನು ಕೊಟ್ಟ ಹೆಸರು ಊಟದ ಚಿಕ್ಕ ಪ್ರಾರ್ಥನೆ ಎಂಬದು. ದೇವಾಲಯದ ದೊಡ್ಡ ಹಬ್ಬಕ್ಕಾಗಿ ಅಲ್ಲ, ಮನೆಯಲ್ಲಿ ರೊಟ್ಟಿಯ ಮುಂದೆ ಹೇಳುವದಕ್ಕಾಗಿ ಹುಟ್ಟಿದ ಸಂಗೀತವದು. ನನಗೆ ಇದೇ ಹೆಚ್ಚು ಧೈರ್ಯ ಕೊಡುತ್ತದೆ. ತಾಯಿಯು ಇನ್ನೂ ಬದುಕಿದ್ದಾಗ, ಊಟಕ್ಕೆ ಇದ್ದ ದಿವಸಗಳಲ್ಲಿ ಬಾಯಿಗೆ ಬಂದದ್ದು, ಆಕೆಯನ್ನು ಹೂಣಿಟ್ಟು ಬಂದ ಸಾಯಂಕಾಲಕ್ಕೂ ಆ ಮನೆಯಲ್ಲಿ ಉಳಿದಿತ್ತು. ಹೊಸದಾಗಿ ಹುಡುಕಬೇಕಾಗಿರಲಿಲ್ಲ.

ಆ ಸಹೋದರಿಯು ಇದೆಲ್ಲವನ್ನು ಕೇಳಿ, “ಆತನಿಗೂ ಮಕ್ಕಳಿದ್ದರೋ?” ಎಂದಷ್ಟೇ ಕೇಳಿದಳು. ಇದ್ದರು ಅಂದೆನು. ಆಕೆ ಮತ್ತೇನೂ ಅನ್ನಲಿಲ್ಲ.

ಒಂದು ವಾರದ ಮೇಲೆ ನಾನು ಆ ಹಳ್ಳಿಗೆ ಹೋದಾಗ ಬೆಳಗಿನ ಹೊತ್ತು. ಹಿಂದಿನ ರಾತ್ರಿ ಆಕೆಯ ಮನೆಯಲ್ಲಿ ಒಲೆ ಉರಿಯದೆ ಇದ್ದದ್ದನ್ನು ಕಂಡು, ಪಕ್ಕದ ಮನೆಯ ಮುದುಕಿಯೊಬ್ಬಳು ಒಂದು ಬೋಗುಣಿಯಲ್ಲಿ ಜೋಳದ ನುಚ್ಚನ್ನೂ ಮಜ್ಜಿಗೆಯನ್ನೂ ಕೊಟ್ಟಿದ್ದಳಂತೆ. ಆ ಮುದುಕಿಯು ನಮ್ಮ ಸಭೆಯವಳಲ್ಲ. ಇವರು ದೀಕ್ಷಾಸ್ನಾನ ಹೊಂದಿದಾಗ ಎರಡು ವರುಷ ಮಾತು ಬಿಟ್ಟಿದ್ದವಳು. ನಾನು ಅಂಗಳದಲ್ಲಿ ನಿಂತಿರುವಾಗ ಈ ಸಹೋದರಿಯ ಕಿರಿಯ ಮಗನು ಬೋಗುಣಿಯನ್ನು ತಿಕ್ಕಿ ತೊಳೆದು ಹಿಡುಕೊಂಡು ಹೊರಟನು. ಬಾಗಿಲ ತನಕ ಹೋದವನು ನಿಂತು, ಬೋಗುಣಿಯೊಳಗೆ ನೋಡಿ, ತಿರುಗಿ ಹಿತ್ತಿಲಿಗೆ ಓಡಿದನು. ಯಾರೂ ಅವನಿಗೆ ಹೇಳಿರಲಿಲ್ಲ. ಅವನ ತಾಯಿಯು ಆಗ ನನ್ನ ಸಂಗಡ ಮಾತಾಡುತ್ತಿದ್ದಳು. ಹಿತ್ತಿಲಲ್ಲಿದ್ದ ನುಗ್ಗೆಯ ಗಿಡದ ಕೆಳಗಿನ ಟೊಂಗೆಗೆ ಜೋತುಬಿದ್ದು, ಎಳೆಯ ಸೊಪ್ಪನ್ನು ಕಿತ್ತು, ಬೋಗುಣಿಯು ತುಂಬುವ ತನಕ ಒತ್ತಿ ಒತ್ತಿ ಹಾಕಿ, ಎರಡೂ ಕೈಗಳಿಂದ ಎದೆಗೆ ಅವಚಿಕೊಂಡು ಪಕ್ಕದ ಮನೆಗೆ ನಡೆದನು. “ಯಮ್ಮಾ,” ಎಂದು ಅವನು ಹೊಸ್ತಿಲಲ್ಲಿ ಕೂಗಿದ್ದು ನಮಗೆ ಕೇಳಿಸಿತು.