ಅಡಮಾನದ ಮನೆ ಮತ್ತು ಋಣಧರ್ಮ

ಸಾಲ ತೀರಿಸಲಾಗದವನ ಮನೆಯನ್ನು ಹರಾಜು ಹಾಕುವುದು ಧರ್ಮಸಮ್ಮತವೇ? ಬ್ಯಾಂಕಿನ ಹಣವೆಂಬುದು ಅನೇಕ ಠೇವಣಿದಾರರ ದುಡಿಮೆಯ ಉಳಿತಾಯ. ಆದ್ದರಿಂದ ವಸೂಲಿಯನ್ನೇ ಕ್ರೌರ್ಯವೆಂದು ಹಳಿಯಲಾಗದು. ಆದರೆ ಮನೆಯು ಕೇವಲ ಭದ್ರತೆಯ ಸ್ವತ್ತಲ್ಲ; ವೃದ್ಧರಿಗೂ ಮಕ್ಕಳಿಗೂ ಅದೇ ಆಶ್ರಯ.

2002ರ ಸರ್ಫೇಸಿ ಕಾಯಿದೆಯು ಇವೆರಡನ್ನೂ ಗಮನಿಸಿದೆ. ಸಿವಿಲ್ ದಾವೆ ಹೂಡದೆಯೇ ಬ್ಯಾಂಕು ಅಡಮಾನದ ಮನೆಯನ್ನು ವಶಕ್ಕೆ ಪಡೆಯಬಹುದು. ಆದರೆ ಅದಕ್ಕೆ ಮೊದಲು 60 ದಿನಗಳ ನೋಟೀಸು ನೀಡಬೇಕು. ಸಾಲಗಾರನು ಆಕ್ಷೇಪಿಸಿ ಬರೆದರೆ 15 ದಿನಗಳೊಳಗೆ ಕಾರಣಸಹಿತ ಉತ್ತರ ಕೊಡಬೇಕು. ವಶಪಡಿಸಿಕೊಂಡ ಕ್ರಮವನ್ನು ಪ್ರಶ್ನಿಸಿ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಯ ಮೊರೆಹೋಗಬಹುದು. 2016ರ ತಿದ್ದುಪಡಿಯಂತೆ, ಹರಾಜಿನ ಪ್ರಕಟಣೆ ಹೊರಡುವ ಮುನ್ನವೇ ಬಾಕಿಯನ್ನೂ ಖರ್ಚನ್ನೂ ಪೂರ್ತಿಯಾಗಿ ಸಲ್ಲಿಸಿದರೆ ಮನೆ ಉಳಿಯುತ್ತದೆ. ಮಾರಾಟದಲ್ಲಿ ಬಾಕಿಗಿಂತ ಹೆಚ್ಚು ಬಂದರೆ ಆ ಹಣ ಸಾಲಗಾರನಿಗೆ ಸೇರಬೇಕು. ಕಡಿಮೆ ಬಂದರೆ ಉಳಿದ ಋಣ ಅವನ ಮೇಲೆಯೇ ನಿಲ್ಲುತ್ತದೆ.

ಮಾನಕ್ಕೆ ಅಂಜಿ ನೋಟೀಸನ್ನು ಮನೆಯವರಿಂದಲೂ ಜಾಮೀನುದಾರನಿಂದಲೂ ಮುಚ್ಚಿಡುವವನು ಈ ಹಕ್ಕುಗಳ ಅವಧಿಯನ್ನು ವ್ಯರ್ಥಗೊಳಿಸುತ್ತಾನೆ. ಅವನ ಮೌನದ ದಂಡವನ್ನು ತೆರುವವರು ನಿರಪರಾಧಿಗಳು. ಅಂತೆಯೇ, ಬಾಕಿ ಬಂದರೆ ಸಾಕೆಂದು ಮನೆಯನ್ನು ಅಗ್ಗಕ್ಕೆ ಬಿಟ್ಟುಕೊಡುವವರು ಪರರ ಸ್ವತ್ತಿನ ವಿಷಯದಲ್ಲಿ ಅಲಕ್ಷ್ಯ ತೋರಿದಂತೆ. ಗಡುವನ್ನು ಕಾಯಿದೆ ಗೊತ್ತುಮಾಡಿದೆ. ಆ ಗಡುವಿನೊಳಗೆ ನಿಜವನ್ನು ಆಡುವುದು ಸಾಲಗಾರನ ಕರ್ತವ್ಯ, ತಾಳ್ಮೆಯಿಂದ ಕೇಳುವುದು ಸಾಲ ಕೊಟ್ಟವರ ಕರ್ತವ್ಯ.