ವಾದ ಗೆದ್ದೆ, ಅಣ್ಣನನ್ನು ಕಳೆದುಕೊಂಡೆ

ಲೂಕ 6:15 ತೆಗೆಯಿರಿ. ಅಪೊಸ್ತಲರ ಪಟ್ಟಿಯಲ್ಲಿ ಮತ್ತಾಯನೂ ಇದ್ದಾನೆ, ಮತಾಭಿಮಾನಿ ಸೀಮೋನನೂ ಇದ್ದಾನೆ. ಒಬ್ಬನು ಆಳುವವರಿಗೆ ಸುಂಕ ವಸೂಲಿ ಮಾಡಿದವನು, ಇನ್ನೊಬ್ಬನ ಹೆಸರಿನಲ್ಲೇ ಹೋರಾಟ ಇದೆ. ಯೇಸು ಸ್ವಾಮಿ ಇಬ್ಬರನ್ನೂ ಒಂದೇ ಊಟಕ್ಕೆ ಕೂರಿಸಿದರು.

ನನ್ನ ಸಾಕ್ಷಿ ಹೇಳ್ತೀನಿ. ನಾವು ಎಂಟು ಜನ ಬೆಳಿಗ್ಗೆ ಶಟಲ್ ಆಡ್ತೀವಿ. 2024ರ ಲೋಕಸಭಾ ಚುನಾವಣೆ ಹೊತ್ತಿಗೆ ಆಟಕ್ಕಿಂತ ಪಕ್ಷದ ಮಾತೇ ಜಾಸ್ತಿ ಆಯ್ತು. ಒಂದು ದಿನ ನಮ್ಮಲ್ಲಿ ಹಿರಿಯರಾದ ಒಬ್ಬ ಅಣ್ಣನನ್ನು ಎಲ್ಲರ ಮುಂದೆ ಹಂಗಿಸಿ ಬಾಯಿ ಮುಚ್ಚಿಸಿಬಿಟ್ಟೆ. ಮರುದಿನದಿಂದ ಅವರು ಬರಲಿಲ್ಲ. ಪವಿತ್ರಾತ್ಮನು ನನ್ನ ಹೃದಯವನ್ನು ಚುಚ್ಚಿದನು. ಮನೆಗೆ ಹೋಗಿ, "ಅಣ್ಣಾ, ತಪ್ಪಾಯ್ತು, ಕ್ಷಮಿಸಿ" ಅಂದೆ. ಅವರು ಹೇಳಿದರು, "ಪಾಸ್ಟರೇ, ಹೆಂಡತಿ ತೀರಿಕೊಂಡ ಮೇಲೆ ನಾಲ್ಕು ಜನರ ಜೊತೆ ಮಾತಾಡೋಕೆ ನನಗಿದ್ದದ್ದು ಆ ಒಂದು ಗಂಟೆ ಮಾತ್ರ."

ಈಗ ಅವರು ಮತ್ತೆ ಬರ್ತಾರೆ. ಕೋರ್ಟಿನಲ್ಲಿ ಪಕ್ಷದ ಮಾತು ಬೇಡ, ಟೀ ಕುಡಿಯುವಾಗ ಬಂದರೂ ಯಾರನ್ನೂ ಹಂಗಿಸಬಾರದು ಅಂತ ಎಲ್ಲರೂ ಒಪ್ಪಿದ್ದೇವೆ.

ಅಭಿಪ್ರಾಯ ಬಿಡಿ ಅಂತ ನಾನು ಹೇಳ್ತಿಲ್ಲ. ವೋಟು ನಿಮ್ಮ ಹಕ್ಕು, ಯೋಚಿಸಿ ಹಾಕಿ. ಆದರೆ ವಾದ ಗೆಲ್ಲೋಕೆ ಹೋಗಿ ಮನುಷ್ಯನನ್ನು ಕಳ್ಕೋಬೇಡಿ. ನಿಮ್ಮ ಮಾತಿನಿಂದ ನೊಂದು ದೂರ ಹೋದವರು ಇದ್ದರೆ, ಈ ವಾರ ಅವರ ಬಾಗಿಲು ತಟ್ಟಿ. ಆಮೆನ್.